ಟಿವಿ ದೂರು: ದಿಲ್ಲಿಗೆ ಬರೆಯುವ ಮೊದಲು ಧಾರವಾಡ ನೆನಪಿರಲಿ

ತಿಂಗಳ ದುಡ್ಡು ಕಟ್ಟಿಯಾಗಿದೆ, ಟಿವಿಯಲ್ಲಿ ಚಿತ್ರವಿಲ್ಲ. ಫೋನ್ ಮಾಡಿದರೆ ಕೇಬಲ್ಲಿನವರು 'ನಾಳೆ ಬರ್ತೇವ್ರಿ' ಅನ್ನುತ್ತಾರೆ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ಹಳ್ಳಿಗಳಲ್ಲಿ ಇದು ಹೊಸ ಮಾತೇನಲ್ಲ. ಕೊನೆಗೆ ಯಾರಾದರೂ 'ಟ್ರಾಯ್‌ಗೆ ಬರೀರಿ' ಎಂದು ಸಲಹೆ ಕೊಡುತ್ತಾರೆ. ಅದನ್ನೇ ನಂಬಿ ಕುಳಿತರೆ ದಿನಗಳು ಕಳೆಯುತ್ತವೆ, ಪರಿಹಾರ ಸಿಗುವುದಿಲ್ಲ.

ಟ್ರಾಯ್ ಎಂದರೆ 1997ರ ಕಾಯ್ದೆಯಿಂದ ಹುಟ್ಟಿದ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ. ಕೇಬಲ್ ಮತ್ತು ಡಿಟಿಎಚ್ ಸೇವೆಗಳು 2004ರಲ್ಲಿ ಅದರ ವ್ಯಾಪ್ತಿಗೆ ಬಂದವು. ದರ ಮತ್ತು ಗುಣಮಟ್ಟದ ನಿಯಮ ಮಾಡುವುದು ಅದರ ಕೆಲಸ. ಒಬ್ಬೊಬ್ಬ ಗ್ರಾಹಕನ ಜಗಳವನ್ನು ವಿಚಾರಿಸಿ ಪರಿಹಾರ ಕೊಡಿಸುವ ಅಧಿಕಾರ ಅದಕ್ಕಿಲ್ಲ. ನಿಮ್ಮ ಪತ್ರವನ್ನು ಅದು ನೀವು ದೂರಿದ ಕಂಪನಿಗೇ ಕಳಿಸಿಕೊಡುತ್ತದೆ. ಆದರೂ ಅದು ಮಾಡಿಟ್ಟ ನಿಯಮಗಳೇ ನಿಮ್ಮ ಬಲ.

2017ರ ಆ ನಿಯಮಗಳ ಪ್ರಕಾರ ಕಂಪನಿ ಉಚಿತ ಕರೆಯ ಸಹಾಯವಾಣಿ ಇಟ್ಟಿರಬೇಕು, ಪ್ರತಿ ದೂರಿಗೂ ಒಂದು ಸಂಖ್ಯೆ ಕೊಡಬೇಕು. ಸಿಗ್ನಲ್ ಇಲ್ಲ ಎಂಬ ದೂರಿಗೆ 24 ಗಂಟೆ, ಬಿಲ್ಲಿನ ತಕರಾರಿಗೆ 7 ದಿನ ಗಡುವು. ಅಲ್ಲಿ ಕೆಲಸವಾಗದಿದ್ದರೆ ಕಂಪನಿ ರಾಜ್ಯಕ್ಕೆಂದು ನೇಮಿಸಿರುವ ನೋಡಲ್ ಅಧಿಕಾರಿಗೆ ಬರೆಯಬೇಕು.

ಇಲ್ಲಿ ನಮ್ಮ ಜನ ಹಿಂಜರಿಯುತ್ತಾರೆ. ಕೇಬಲ್ಲಿನ ಹುಡುಗ ಊರವನೇ, ಮುಖ ಮುರಿದುಕೊಳ್ಳುವುದೇಕೆ ಎಂಬ ಸಂಕೋಚ. ಆದರೆ ಸಿಗ್ನಲ್ ಕೊಡುವವನು ಆ ಹುಡುಗನಲ್ಲ, ಅವನಿಗೂ ಮೇಲಿನ ದೊಡ್ಡ ಕಂಪನಿ. ಸೆಟ್‌ಟಾಪ್ ಬಾಕ್ಸಿನ ಮೇಲೆ ಸಾಮಾನ್ಯವಾಗಿ ಇರುವುದು ಅದರ ಹೆಸರೇ. ದೂರು ಅಲ್ಲಿಗೆ ಹೋಗಲಿ. ಹುಡುಗನ ಕೈಗೆ ಕೊಟ್ಟ ದುಡ್ಡಿಗೆ ಮಾತ್ರ ರಸೀದಿ ಕೇಳಲೇಬೇಕು. ಬಾಯಿಮಾತಿನ ಲೆಕ್ಕದಿಂದ ಸೋತ ದೂರುಗಳೇ ಹೆಚ್ಚು ಎಂಬುದು ನನ್ನ ಅನಿಸಿಕೆ. ರಸೀದಿ, ದೂರಿನ ಸಂಖ್ಯೆ, ಫೋನ್ ಮಾಡಿದ ತಾರೀಖು, ಕಪ್ಪು ಪರದೆಯ ಫೋಟೊ ಎಲ್ಲವನ್ನೂ ಒಂದೆಡೆ ಇಟ್ಟುಕೊಳ್ಳಿ. ನೋಡಲ್ ಅಧಿಕಾರಿಗೆ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಅಂಚೆಯ ರಸೀದಿಯನ್ನೂ ಜೋಪಾನ ಮಾಡಿ.

ಅಷ್ಟಾದರೂ ಉತ್ತರ ಬಾರದಿದ್ದರೆ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗವಿದೆ. ಒಬ್ಬ ಗ್ರಾಹಕನ ದೂರನ್ನು ಗ್ರಾಹಕ ವೇದಿಕೆಯೇ, ಅಂದರೆ ಈಗಿನ ಆಯೋಗವೇ, ವಿಚಾರಿಸಬಹುದೆಂದು ಟ್ರಾಯ್ ಕಾಯ್ದೆಯ 14ನೇ ಕಲಮೇ ಬಿಟ್ಟುಕೊಟ್ಟಿದೆ. ದೂರವಾಣಿ ಸೇವೆಯ ದೂರುಗಳನ್ನೂ ಗ್ರಾಹಕ ವೇದಿಕೆ ಕೇಳಬಹುದೆಂದು ಸುಪ್ರೀಂ ಕೋರ್ಟು 2022ರ ಫೆಬ್ರುವರಿಯಲ್ಲಿ ವೊಡಾಫೋನ್ ಐಡಿಯಾ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. 'ನಮ್ಮ ವಿಷಯ ಇಲ್ಲಿಗೆ ಬರುವುದಿಲ್ಲ' ಎಂದು ಕಂಪನಿಯ ವಕೀಲರು ಹೆದರಿಸಿದರೆ ಹೆದರಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ, ಕಂಪನಿಯ ಕಚೇರಿ ಮುಂಬೈಯಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂದಿಲ್ಲ. ತೊಂದರೆಯಾದ 2 ವರ್ಷದೊಳಗೆ ಸಲ್ಲಿಸಬೇಕು. ಇ-ಜಾಗೃತಿ ಜಾಲತಾಣದಲ್ಲೂ ಸಲ್ಲಿಸಬಹುದು. ಅದಕ್ಕೂ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಒಂದು ಕರೆ ಮಾಡಿ ನೋಡಿ. ಎಷ್ಟೋ ಸಲ ಅಲ್ಲಿಯೇ ತಕರಾರು ಮುಗಿಯುತ್ತದೆ.

ಕಾರ್ಯಕ್ರಮವೇ ಕೆಟ್ಟದ್ದು, ಸುದ್ದಿಯೇ ಸುಳ್ಳು ಎಂಬುದು ಬೇರೆ ಬಗೆಯ ದೂರು. ಅದಕ್ಕೂ ಟ್ರಾಯ್‌ಗೂ ಸಂಬಂಧವಿಲ್ಲ. 2021ರ ಕೇಬಲ್ ನಿಯಮಗಳಂತೆ ಮೊದಲು ಚಾನೆಲ್ಲಿಗೇ ಬರೆಯಬೇಕು, ಅವರು 15 ದಿನದಲ್ಲಿ ತೀರ್ಮಾನಿಸಬೇಕು. ಒಪ್ಪಿಗೆಯಾಗದಿದ್ದರೆ ಚಾನೆಲ್‌ಗಳ ಸ್ವಯಂ ನಿಯಂತ್ರಣ ಸಂಸ್ಥೆಗೆ, ಅದರ ನಂತರ ಕೇಂದ್ರ ಸರ್ಕಾರಕ್ಕೆ ಮೇಲ್ಮನವಿ. ಪ್ರಸಾರವಾದ ದಿನ, ಹೊತ್ತು, ಕಾರ್ಯಕ್ರಮದ ಹೆಸರನ್ನು ಅಂದೇ ಬರೆದಿಟ್ಟುಕೊಳ್ಳಿ.

ಅರ್ಜಿ ಬರೆಯಲು ಬಾರದವರು ತಾಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಕೇಳಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಡಿಮೆ ಆದಾಯದವರಿಗೆ ಅಲ್ಲಿ ನೆರವು ಉಚಿತ. ಫೋನ್ ಸಂಖ್ಯೆ 15100.