ಬಿಡುವು ಮತ್ತು ಬಿಡುಗಡೆ: ಲೂಕನ ಸುವಾರ್ತೆಯ ಒಂದು ಪ್ರಸಂಗ

ಧರ್ಮದ ಕಟ್ಟಳೆಯೂ ಮನುಷ್ಯನ ಅಗತ್ಯವೂ ಎದುರುಬದುರಾದಾಗ ಯಾವುದು ಯಾವುದಕ್ಕೆ ಮಣಿಯಬೇಕು? ಕ್ರೈಸ್ತ ಪರಂಪರೆಯಲ್ಲಿ ಈ ಪ್ರಶ್ನೆ ತೀಕ್ಷ್ಣವಾಗಿ ಮೂಡುವುದು ಸಬ್ಬತ್ ದಿನದ ಪ್ರಸಂಗಗಳಲ್ಲಿ. ಲೂಕನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಬರುವ ಅಂಥದೊಂದು ಪ್ರಸಂಗವನ್ನು ಸಾಹಿತ್ಯದ ವಿದ್ಯಾರ್ಥಿಗಳಾಗಿ ಇಲ್ಲಿ ಪರಿಶೀಲಿಸೋಣ.

ಕಥೆ ಚಿಕ್ಕದು. ಸಬ್ಬತ್ ದಿನ ಯೇಸು ಸಭಾಮಂದಿರದಲ್ಲಿ ಬೋಧಿಸುತ್ತಿದ್ದಾರೆ. 18 ವರ್ಷಗಳಿಂದ ಬೆನ್ನು ಬಾಗಿ, ನೆಟ್ಟಗೆ ನಿಲ್ಲಲಾರದ ಹೆಂಗಸೊಬ್ಬಳು ಅಲ್ಲಿದ್ದಾಳೆ. ಅವಳು ಏನನ್ನೂ ಬೇಡುವುದಿಲ್ಲ. ಯೇಸುವೇ ಅವಳನ್ನು ಕಂಡು, ಕರೆದು, ಕೈಯಿಟ್ಟು ಗುಣಪಡಿಸುತ್ತಾರೆ. ಸಭಾಮಂದಿರದ ಅಧಿಕಾರಿ ಸಿಟ್ಟಾಗುತ್ತಾನೆ. ದುಡಿಮೆಗೆ ಆರು ದಿನಗಳಿವೆ, ಗುಣ ಹೊಂದಲು ಆ ದಿನಗಳಲ್ಲಿ ಬನ್ನಿ ಎಂಬುದು ಅವನ ವಾದ. ಆ ಮಾತನ್ನು ಅವನು ಯೇಸುವಿಗೆ ಹೇಳದೆ ಜನಸಮೂಹಕ್ಕೆ ಹೇಳುತ್ತಾನೆಂಬುದು ಗಮನಾರ್ಹ.

ಅಧಿಕಾರಿಯನ್ನು ಕ್ರೂರಿಯೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ನ್ಯಾಯವಾದ ಓದಲ್ಲ. ಪ್ರಾಣಾಪಾಯವಿದ್ದರೆ ಸಬ್ಬತ್ತನ್ನು ಮೀರಬಹುದೆಂಬ ತತ್ತ್ವವನ್ನು ಯೆಹೂದಿ ಧರ್ಮಶಾಸ್ತ್ರವೇ ಎತ್ತಿಹಿಡಿದಿದೆ. ಇಲ್ಲಿ ಪ್ರಾಣಾಪಾಯವಿಲ್ಲ. 18 ವರ್ಷ ಸಹಿಸಿದವಳು ಇನ್ನೊಂದು ದಿನ ಕಾಯಬಾರದೇ? ಅವನ ಪ್ರಶ್ನೆಯಲ್ಲಿ ತರ್ಕವಿದೆ. ಯೇಸುವಿನ ಉತ್ತರಕ್ಕೆ ಬಲ ಬರುವುದು ಈ ತರ್ಕವನ್ನು ಎದುರಿಸಿದಾಗಲೇ.

ಸಬ್ಬತ್ ದಿನ ನೀವು ಎತ್ತನ್ನೋ ಕತ್ತೆಯನ್ನೋ ಗೋದಲಿಯಿಂದ ಬಿಚ್ಚಿ ನೀರಿಗೆ ಒಯ್ಯುವುದಿಲ್ಲವೇ ಎಂದು ಅವರು ಕೇಳುತ್ತಾರೆ. ಒಂದು ದಿನದ ಬಾಯಾರಿಕೆಗೆ ಪಶುವನ್ನು ಬಿಚ್ಚಬಹುದಾದರೆ, 18 ವರ್ಷಗಳ ಕಟ್ಟಿನಿಂದ ಅಬ್ರಹಾಮನ ಮಗಳನ್ನು ಬಿಚ್ಚಬಾರದೇಕೆ? ಗ್ರೀಕ್ ಮೂಲದಲ್ಲಿ ಹೆಂಗಸಿನ ಬಿಡುಗಡೆಗೂ ಪಶುವನ್ನು ಬಿಚ್ಚುವುದಕ್ಕೂ ಒಂದೇ ಧಾತುವಿನ ಪದಗಳಿವೆ. ಇಡೀ ವಾದ ನಿಂತಿರುವುದು ಆ ಧಾತುವಿನ ಮೇಲೆ. ಯೇಸು ನಿಯಮವನ್ನು ಅಲ್ಲಗಳೆಯುವುದಿಲ್ಲ. ವಿರೋಧಿಗಳೇ ಒಪ್ಪಿ ಆಚರಿಸುವ ದಯೆಯನ್ನು ಪಶುವಿನಿಂದ ಮನುಷ್ಯರಿಗೆ ವಿಸ್ತರಿಸುತ್ತಾರೆ.

ಕನ್ನಡದಲ್ಲಿ ಈ ಅರ್ಥಸಂಬಂಧ ಇನ್ನಷ್ಟು ನಿಚ್ಚಳ. ‘ಕಟ್ಟು’ ಎಂಬುದರಿಂದ ಕಟ್ಟಳೆ, ಕಟ್ಟುಪಾಡು. ‘ಬಿಡು’ ಎಂಬುದರಿಂದ ಬಿಡುವು, ಬಿಡುಗಡೆ. ಸಬ್ಬತ್ ಮೂಲತಃ ಬಿಡುವಿನ ಕಟ್ಟಳೆ. ಧರ್ಮೋಪದೇಶಕಾಂಡದ 5ನೆಯ ಅಧ್ಯಾಯವು ದಾಸದಾಸಿಯರಿಗೂ ದನಕತ್ತೆಗಳಿಗೂ ಆ ದಿನ ವಿಶ್ರಾಂತಿ ವಿಧಿಸಿ, ಈಜಿಪ್ಟಿನ ದಾಸ್ಯದಿಂದಾದ ಬಿಡುಗಡೆಯನ್ನು ನೆನಪಿಸುತ್ತದೆ. ಹಾಗಾದರೆ ಬಿಡುಗಡೆಯ ನೆನಪಿಗೆಂದು ಮೀಸಲಾದ ದಿನದಲ್ಲಿ ಬಿಡುಗಡೆ ನಿಷಿದ್ಧವಾಗುವುದು ಹೇಗೆ? ಇಲ್ಲಿ ಕರುಣೆಯು ಆಚರಣೆಗೆ ಅಪವಾದವಲ್ಲ. ಆಚರಣೆಯ ಮೂಲಾರ್ಥವೇ ಕರುಣೆ.

ಈ ಸಮಸ್ಯೆ ಅಲ್ಲಿಗೇ ಮುಗಿಯಲಿಲ್ಲ. ಮುಂದೆ ಕ್ರೈಸ್ತರೂ ತಮ್ಮ ಭಾನುವಾರಕ್ಕೆ ಕಟ್ಟಳೆಗಳನ್ನು ಹೆಣೆದರು. ಇಂಗ್ಲೆಂಡಿನ 1677ರ ಕಾಯಿದೆ ಭಾನುವಾರದ ಕಸುಬುಗಳನ್ನು ನಿಷೇಧಿಸಿ, ಅನಿವಾರ್ಯ ಕೆಲಸಗಳಿಗೂ ದಯೆಯ ಕೆಲಸಗಳಿಗೂ ಮಾತ್ರ ವಿನಾಯಿತಿ ಕೊಟ್ಟಿತು. ಯಾವುದು ಅನಿವಾರ್ಯ, ಯಾವುದು ದಯೆ ಎಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆ ಮತ್ತೆ ಹುಟ್ಟಿತು. ಅಧಿಕಾರಿಯ ಸ್ಥಾನದಲ್ಲಿ ಯಾವ ಮತದವರೂ ನಿಲ್ಲಬಹುದು. ‘ನಾಳೆ ಬನ್ನಿ’ ಎನ್ನುವುದು ಬೆನ್ನು ನೆಟ್ಟಗಿರುವವರಿಗೆ ಸುಲಭದ ಮಾತು; ಬಾಗಿದವರಿಗೆ ಆ ಒಂದು ದಿನವೂ ಭಾರವೇ.

ಅಭ್ಯಾಸಕ್ಕೆ:
1. ಹೆಂಗಸು ಏನನ್ನೂ ಬೇಡದಿರುವುದು ಕಥನದ ಪರಿಣಾಮವನ್ನು ಹೇಗೆ ಹೆಚ್ಚಿಸಿದೆ?
2. ಅಧಿಕಾರಿಯ ವಾದವನ್ನು ಅವನ ಪರವಾಗಿ ನಿಂತು ಮಂಡಿಸಿ. ಬಳಿಕ ಅದನ್ನು ವಿಮರ್ಶಿಸಿ.
3. ‘ಕಟ್ಟು’, ‘ಬಿಡು’ ಧಾತುಗಳಿಂದ ಹುಟ್ಟಿದ ಇತರ ಪದಗಳನ್ನು ಸಂಗ್ರಹಿಸಿ, ಅವುಗಳ ಅರ್ಥವಿಸ್ತಾರವನ್ನು ಚರ್ಚಿಸಿ.