ಮನೆಯಲ್ಲೊಂದು ಸೂಜಿಗಲ್ಲು

ನಂಜನಗೂಡಿನಲ್ಲಿ ಕಪಿಲೆಯ ನೀರು ಇಳಿದಿರುವಾಗ, ದಡದ ಒಣ ಮರಳಿನಲ್ಲಿ ಕಾಗದ ಸುತ್ತಿದ ಅಯಸ್ಕಾಂತವೊಂದನ್ನು ನಾಲ್ಕಾರು ಬಾರಿ ಎಳೆದು ಮೇಲೆತ್ತಿ ನೋಡೋಣ. ಕಾಗದದ ಮೇಲೆ ಕಪ್ಪು ಕಣಗಳು ಮೀಸೆಯಂತೆ ನಿಮಿರಿ ನಿಂತಿರುತ್ತವೆ. ಇವು ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರಿನ ಕಣಗಳು. ಹೊಳೆಯ ಮೇಲುಭಾಗದಲ್ಲಿ, ಸರಗೂರಿನ ಸುತ್ತಣ ಬಹು ಪ್ರಾಚೀನ ಶಿಲೆಗಳಲ್ಲಿ, ಈ ಅದಿರಿನ ಪದರಗಳುಂಟು. ಮಳೆಯೂ ಪ್ರವಾಹವೂ ಕಲ್ಲನ್ನು ಸವೆಸಿ ಕಣಗಳನ್ನು ಮರಳಿನೊಡನೆ ಕೆಳಕ್ಕೆ ಸಾಗಿಸುತ್ತವೆ. ಅಯಸ್ಕಾಂತವನ್ನು ಕಾಗದದಿಂದ ಹೊರಗೆಳೆದೊಡನೆ ಕಣಗಳು ಉದುರಿಬೀಳುತ್ತವೆ. ಬೆರೆತುಹೋದುದರಿಂದ ಕಬ್ಬಿಣವನ್ನು ಬೇರ್ಪಡಿಸುವ ಈ ಶಕ್ತಿಯೇ ಮನೆಯಲ್ಲಿಯೂ ಕೆಲಸದ ಕೊಠಡಿಯಲ್ಲಿಯೂ ನಮಗೆ ನೆರವಾಗತಕ್ಕದ್ದು.

ಯಾವುದನ್ನು ಸೆಳೆಯುತ್ತದೆ?

ಕಬ್ಬಿಣ, ನಿಕ್ಕಲ್, ಕೋಬಾಲ್ಟ್ ಮತ್ತು ಇವುಗಳ ಕೆಲವು ಮಿಶ್ರಲೋಹಗಳನ್ನು ಅಯಸ್ಕಾಂತವು ಬಲವಾಗಿ ಸೆಳೆಯುತ್ತದೆ. ತಾಮ್ರ, ಹಿತ್ತಾಳೆ, ಅಲ್ಯುಮಿನಿಯಂಗಳನ್ನು ಸೆಳೆಯದು. ಆದುದರಿಂದ ಹಿತ್ತಾಳೆಯದೆಂದು ಕೊಂಡ ಚಿಲಕಕ್ಕೆ ಅಯಸ್ಕಾಂತ ಅಂಟಿದರೆ, ಒಳಗಿರುವುದು ಕಬ್ಬಿಣ, ಹೊರಗಿನದು ಲೇಪ ಮಾತ್ರ ಎಂದು ತಿಳಿಯಬಹುದು. ಉಕ್ಕಿನಲ್ಲಿಯೂ ಭೇದವುಂಟು. ಕ್ರೋಮಿಯಂ ಮತ್ತು ನಿಕ್ಕಲ್ ಬೆರೆತ ಸ್ಟೇನ್‌ಲೆಸ್ ಸ್ಟೀಲಿನ ಅನೇಕ ಪಾತ್ರೆಗಳಿಗೆ ಅಯಸ್ಕಾಂತ ಅಂಟುವುದಿಲ್ಲ. ಇಂಡಕ್ಷನ್ ಒಲೆಗೆ ಪಾತ್ರೆ ಆರಿಸುವಾಗ ಅದರ ತಳಕ್ಕೆ ಅಯಸ್ಕಾಂತ ಹಿಡಿದು ನೋಡಬೇಕು. ಗಟ್ಟಿಯಾಗಿ ಅಂಟಿದರೆ ಪಾತ್ರೆ ಒಲೆಗೆ ತಕ್ಕುದು.

ಕೆಲಸದ ಕೊಠಡಿಯಲ್ಲಿ

ಅರದಿಂದ ಉಜ್ಜಿದಾಗ ಉದುರುವ ಕಬ್ಬಿಣದ ಪುಡಿಯನ್ನು ಬಾಯಿಂದ ಊದಿದರೆ ಅದು ಕಣ್ಣಿಗೆ ಹಾರೀತು. ಕಾಗದ ಸುತ್ತಿದ ಅಯಸ್ಕಾಂತದಿಂದ ಅದನ್ನು ಒಟ್ಟುಗೂಡಿಸುವುದೇ ಲೇಸು. ಹಳೆಯ ಮರವನ್ನು ಕೊಯ್ಯುವ ಮೊದಲು ಅದರ ಮೇಲೆ ಅಯಸ್ಕಾಂತವನ್ನು ಮೆಲ್ಲಗೆ ಆಡಿಸಿದರೆ, ಮೇಲ್ಮೈಗೆ ಸಮೀಪವಾಗಿ ಹುದುಗಿರುವ ಮೊಳೆ ಪತ್ತೆಯಾಗಿ ಗರಗಸದ ಹಲ್ಲು ಉಳಿಯುತ್ತದೆ. ಸ್ಕ್ರೂ ಡ್ರೈವರಿನ ಅಲಗನ್ನು ಅಯಸ್ಕಾಂತದ ಒಂದೇ ಧ್ರುವದಿಂದ, ಒಂದೇ ದಿಕ್ಕಿನಲ್ಲಿ ಇಪ್ಪತ್ತು ಮೂವತ್ತು ಬಾರಿ ಉಜ್ಜಿದರೆ ಅದೂ ಕಾಂತತ್ವ ಪಡೆದು ಸಣ್ಣ ಸ್ಕ್ರೂಗಳನ್ನು ಬೀಳದಂತೆ ಹಿಡಿಯುತ್ತದೆ. ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿ ಎತ್ತಬಲ್ಲದು. ಅದರ ಕೊಕ್ಕೆಗೆ ಸಿಕ್ಕದ ಕಬ್ಬಿಣದ ಬೀಗದ ಕೈಯನ್ನು, ಹಗ್ಗಕ್ಕೆ ಕಟ್ಟಿದ ಬಲವಾದ ಅಯಸ್ಕಾಂತ ಎತ್ತಬಲ್ಲದು. ಅಕ್ಕಿ ಗಿರಣಿಗಳಲ್ಲಿಯೂ ಭತ್ತ ಹರಿಯುವ ದಾರಿಯಲ್ಲಿ ಅಯಸ್ಕಾಂತವನ್ನಿಟ್ಟು, ಯಂತ್ರವನ್ನು ಕೆಡಿಸುವ ಮೊಳೆ ಚೂರುಗಳನ್ನು ತಡೆಯುವುದುಂಟು.

ದನದ ಕೊಟ್ಟಿಗೆಯಲ್ಲಿ

ಹಸು ಮೇವನ್ನು ಚೆನ್ನಾಗಿ ಅಗಿಯದೆ ನುಂಗಿ, ಆಮೇಲೆ ಮೆಲುಕು ಹಾಕುತ್ತದೆ. ಮೇವಿನಲ್ಲಿ ಸೇರಿದ ತಂತಿಯ ತುಂಡೋ ಮೊಳೆಯೋ ಅದರ ಎರಡನೆಯ ಜಠರದಲ್ಲಿ ಉಳಿಯುತ್ತದೆ. ಆ ಜಠರಕ್ಕೂ ಹೃದಯಕ್ಕೂ ನಡುವೆ ಇರುವುದು ತೆಳುವಾದ ವಪೆ ಮಾತ್ರ. ಚೂಪಾದ ತಂತಿ ಜಠರವನ್ನು ಚುಚ್ಚಿ ಹೃದಯದವರೆಗೂ ತಲುಪಿದರೆ ಹಸು ಸಾಯಬಹುದು. ಇದನ್ನು ತಡೆಯಲು ಪಶುವೈದ್ಯರು ನುಣುಪಾದ, ಉರುಳೆಯಾಕಾರದ ಅಯಸ್ಕಾಂತವನ್ನು ಹಸುವಿಗೆ ನುಂಗಿಸುವುದುಂಟು. ಅದು ಅದೇ ಜಠರದಲ್ಲಿ ನೆಲೆಸಿ ಕಬ್ಬಿಣದ ಚೂರುಗಳನ್ನು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ಮನೆಯಲ್ಲಿ ನಾವು ಮಾಡಬೇಕಾದುದು ಇಷ್ಟು: ಕಟ್ಟಡದ ಕೆಲಸ ನಡೆದ ಕಡೆ ನೆಲದ ಮೇಲೂ ಹಿಂಡಿ ಬೂಸದ ಮೇಲೂ ಅಯಸ್ಕಾಂತ ಆಡಿಸುವುದು. ತಾಮ್ರದ ತಂತಿ ಇದಕ್ಕೆ ಸಿಕ್ಕದಾದುದರಿಂದ ಕಣ್ಣಿನಿಂದ ನೋಡುವುದನ್ನೂ ಬಿಡಕೂಡದು.

ಕಾಪಾಡುವ ಬಗೆ, ಎಚ್ಚರಿಕೆ

ಪೆಟ್ಟಿನಿಂದಲೂ ಕಾವಿನಿಂದಲೂ ಅಯಸ್ಕಾಂತದ ಬಲ ಕುಗ್ಗುತ್ತದೆ. ಲಾಳಾಕಾರದ ಉಕ್ಕಿನ ಅಯಸ್ಕಾಂತವನ್ನು ಎತ್ತಿಡುವಾಗ ಎರಡು ಧ್ರುವಗಳಿಗೂ ಮೆದು ಕಬ್ಬಿಣದ ಪಟ್ಟಿಯೊಂದನ್ನು ಅಡ್ಡಲಾಗಿ ಅಂಟಿಸಿಡಬೇಕು. ೧೯೮೦ರ ದಶಕದಲ್ಲಿ ಬಳಕೆಗೆ ಬಂದ ನಿಯೋಡಿಮಿಯಂ ಅಯಸ್ಕಾಂತಗಳು ಗಾತ್ರದಲ್ಲಿ ಕಿರಿದಾದರೂ ಬಲದಲ್ಲಿ ಬಹಳ ಹಿರಿದು. ಆದರೆ ಸಾಮಾನ್ಯ ದರ್ಜೆಯವು ೮೦ ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಲಗುಂದುತ್ತವೆ. ಹೃದಯದ ಬಡಿತ ನಿಯಂತ್ರಿಸುವ ಪೇಸ್‌ಮೇಕರ್ ಹಾಕಿಸಿಕೊಂಡವರ ಎದೆಯ ಬಳಿಗೆ ಇವನ್ನು ಒಯ್ಯಕೂಡದು.

ಇನ್ನೊಂದು ಅಪಾಯವನ್ನು ಮನೆಯವರೆಲ್ಲರೂ ಅರಿತಿರಬೇಕು. ಮಗುವೊಂದು ಇಂಥ ಎರಡು ಗುಂಡುಗಳನ್ನು ನುಂಗಿತೆನ್ನೋಣ. ಕರುಳಿನ ಎರಡು ಮಡಿಕೆಗಳಲ್ಲಿ ಬೇರೆ ಬೇರೆಯಾಗಿ ನಿಂತ ಅವು ಪರಸ್ಪರ ಸೆಳೆದುಕೊಂಡು, ನಡುವಿನ ಕರುಳನ್ನು ಅದುಮಿ ತೂತು ಮಾಡಬಲ್ಲವು. ನುಂಗಿರಬಹುದೆಂಬ ಸಂದೇಹ ಬಂದರೂ ಸಾಕು, ಹೊಟ್ಟೆನೋವಿಗಾಗಿ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಮರಳಿನ ಕಣವನ್ನು ಎತ್ತುವ ಸೆಳೆತವೂ ಕರುಳನ್ನು ಅದುಮುವ ಸೆಳೆತವೂ ಒಂದೇ. ಅದನ್ನು ಅರಿತು ಬಳಸುವವರ ಕೈಯಲ್ಲಿ ಮಾತ್ರ ಸೂಜಿಗಲ್ಲು ನಂಬಿಕೆಯ ಸೇವಕನಾಗುತ್ತದೆ.