ಮನೆಮಂದಿಗೆಲ್ಲ ಒಂದೇ ಪರದೆ: ಟಿ.ವಿ.ಗೆ ಕಂಪ್ಯೂಟರು ಜೋಡಿಸುವ ಬಗೆ



ಹೊಲದ ಕೆಲಸ ಮುಗಿಸಿ, ದನಕರುಗಳಿಗೆ ಮೇವು ಹಾಕಿ, ಕೈಕಾಲು ತೊಳೆದು ಮನೆಯೊಳಗೆ ಬಂದ ಮೇಲೆ ಒಂದು ಗಳಿಗೆ ಸಂತೋಷದಿಂದ ಕುಳಿತುಕೊಳ್ಳಬೇಕೆಂದು ಯಾರಿಗೆ ತಾನೆ ಅನ್ನಿಸುವುದಿಲ್ಲ? ದುಡಿದ ಮೈಗೆ ವಿಶ್ರಾಂತಿ ಹೇಗೆ ಅವಶ್ಯವೋ ದಣಿದ ಮನಸ್ಸಿಗೆ ಮನರಂಜನೆಯೂ ಹಾಗೆಯೇ ಅವಶ್ಯ. ಆದರೆ ಈಗ ನಮ್ಮ ಹಳ್ಳಿಯ ಮನೆಗಳಲ್ಲಿ ಸಂಜೆಯ ಹೊತ್ತು ಏನಾಗುತ್ತಿದೆ ಎಂಬುದನ್ನು ಸ್ವಲ್ಪ ಗಮನಿಸಿರಿ. ಮಗ ಜಗಲಿಯ ಮೂಲೆಯಲ್ಲಿ ಮೊಬೈಲು ಹಿಡಿದು ಕುಳಿತಿರುತ್ತಾನೆ. ಸೊಸೆ ಅಡಿಗೆಮನೆಯಲ್ಲಿ ಇನ್ನೊಂದು ಮೊಬೈಲಿನಲ್ಲಿ ಧಾರಾವಾಹಿ ನೋಡುತ್ತಿರುತ್ತಾಳೆ. ಮೊಮ್ಮಗು ಮೂರನೆಯದನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ಮಲಗಿರುತ್ತದೆ. ಕಣ್ಣು ಮಂಜಾದ ಅಜ್ಜಿಗೆ ಅಷ್ಟು ಸಣ್ಣ ಪರದೆಯಲ್ಲಿ ಏನೂ ಕಾಣುವುದಿಲ್ಲ. ಆಕೆ ಒಬ್ಬಳೇ ಗೋಡೆಗೆ ಒರಗಿ ಕುಳಿತಿರುತ್ತಾಳೆ. ಎಲ್ಲರೂ ಒಂದೇ ಸೂರಿನ ಕೆಳಗೆ ಇದ್ದಾರೆ, ಆದರೆ ಮಾತುಕತೆ ಇಲ್ಲ.

ಇದಕ್ಕೆ ಮೊಬೈಲನ್ನು ಬೈದು ಪ್ರಯೋಜನವಿಲ್ಲ. ಮನೆಯವರೆಲ್ಲ ಒಟ್ಟಿಗೆ ಕುಳಿತು ನೋಡುವಂಥ ಒಂದು ಪರದೆಯನ್ನು ನಡುಮನೆಯಲ್ಲಿ ಅಣಿಗೊಳಿಸುವುದೇ ಸರಿಯಾದ ಉಪಾಯ. ಅನೇಕ ಮನೆಗಳಲ್ಲಿ ಟಿ.ವಿ. ಇದ್ದೇ ಇದೆ. ಕಾಲೇಜಿಗೆ ಹೋದ ಮಕ್ಕಳು ಉಪಯೋಗಿಸಿ ಬಿಟ್ಟ ಕಂಪ್ಯೂಟರೋ ಲ್ಯಾಪ್‌ಟಾಪೋ ಕೆಲವು ಮನೆಗಳಲ್ಲಿ ಮೂಲೆ ಸೇರಿರುತ್ತದೆ. ಇವೆರಡನ್ನೂ ಒಂದು ತಂತಿಯಿಂದ ಸೇರಿಸಿದರೆ ಸಾಕು. ಅದನ್ನು ಮಾಡುವ ಕ್ರಮವನ್ನು ಈ ಪಾಠದಲ್ಲಿ ವಿವರಿಸಿದೆ.

ಹಿಂದೆ ಹೇಗಿತ್ತು?

1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಪ್ರಾರಂಭವಾದ ಕಾಲದಲ್ಲಿ ಚಾವಡಿಯ ರೇಡಿಯೋ ಮುಂದೆ ಜನ ಗುಂಪಾಗಿ ಕೂಡುತ್ತಿದ್ದರು. ಮುಂದೆ 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿ.ವಿ. ತೋರಿಸುವ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದರಲ್ಲಿ ಸೇರಿದ್ದವು. ನಮ್ಮ ರಾಜ್ಯದಲ್ಲಿ ಅಂದಿನ ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಆ ಭಾಗ್ಯ ದೊರೆಯಿತು. ಕೋಳಿಗೂಡಿಗೆ ಹಾಕುವಂಥ ಜಾಲರಿಯಿಂದ ಮಾಡಿದ, ಸುಮಾರು 10 ಅಡಿ ಅಗಲದ ಬುಟ್ಟಿಯಂಥ ಏರಿಯಲ್ಲು ಆಕಾಶದ ಕಡೆ ಮುಖ ಮಾಡಿ ನಿಂತಿರುತ್ತಿತ್ತು. ಒಂದು ಟಿ.ವಿ.ಯ ಮುಂದೆ ನೂರಾರು ಜನ ಕುಳಿತು ಬೇಸಾಯ, ಆರೋಗ್ಯ, ಹಾಡು, ಕತೆ ಎಲ್ಲವನ್ನೂ ನೋಡುತ್ತಿದ್ದರು. ಅನಂತರ ವಿಡಿಯೋ ಕ್ಯಾಸೆಟ್ಟಿನ ಕಾಲ ಬಂದಿತು. ಆಗಲೂ ಯಂತ್ರವನ್ನು ಬಾಡಿಗೆಗೆ ತಂದ ಮನೆಯಲ್ಲಿ ನೆರೆಹೊರೆಯೆಲ್ಲ ಸೇರುತ್ತಿತ್ತು. ಈಗ ಪರದೆಗಳು ಹೆಚ್ಚಿವೆ, ಕೂಡಿ ನೋಡುವುದು ಕಡಿಮೆಯಾಗಿದೆ. ಹಳೆಯ ಆ ಅಭ್ಯಾಸವನ್ನು ಮನೆಯೊಳಗಾದರೂ ಮತ್ತೆ ತರಬಹುದು.

ಏನೇನು ಬೇಕು?

1. ಟಿ.ವಿ. ಅದರ ಹಿಂಬದಿಯನ್ನು ದೀಪ ಹಿಡಿದು ನೋಡಿರಿ. ಚಪ್ಪಟೆಯಾದ, ಕೆಳಗಡೆ ಸ್ವಲ್ಪ ಕಿರಿದಾದ ತೂತಿನ ಪಕ್ಕದಲ್ಲಿ ಎಚ್.ಡಿ.ಎಂ.ಐ. ಎಂದು ಬರೆದಿದ್ದರೆ ಕೆಲಸ ಸುಲಭ. ಈ ಒಂದೇ ತಂತಿಯಲ್ಲಿ ಚಿತ್ರವೂ ಧ್ವನಿಯೂ ಸಾಗುತ್ತವೆ.

2. ಕಂಪ್ಯೂಟರು. ಇದಕ್ಕಾಗಿ ಹೊಸದನ್ನು ಕೊಳ್ಳಬೇಕಾದುದಿಲ್ಲ. ಚಿತ್ರ ತೋರಿಸುವಷ್ಟಕ್ಕೆ 4 ಜಿ.ಬಿ. ರ‍್ಯಾಮ್ ಇರುವ ಹಳೆಯ ಯಂತ್ರ ಸಾಕಾಗುತ್ತದೆ. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ನಿಂತಿದೆ. ಅಂಥ ಯಂತ್ರವನ್ನು ಬ್ಯಾಂಕಿನ ವ್ಯವಹಾರಕ್ಕೆ ಬಳಸದಿರುವುದು ಒಳ್ಳೆಯದು. ಸಿನಿಮಾ, ಹಾಡು, ಪಾಠಗಳನ್ನು ನೋಡಲು ಇಟ್ಟುಕೊಳ್ಳಬಹುದು. ತಿಳಿದ ಹುಡುಗರಿದ್ದರೆ ಅದರಲ್ಲಿ ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯನ್ನು ಹಾಕಿಸಿರಿ.

3. ಎಚ್.ಡಿ.ಎಂ.ಐ. ತಂತಿ. 10 ಅಡಿಯೊಳಗಿನದು ಸಾಕು. ಬಹಳ ಉದ್ದದ ಅಗ್ಗದ ತಂತಿಯಲ್ಲಿ ಚಿತ್ರ ಮಿನುಗುವುದುಂಟು.

4. ಚಿತ್ರ ತೋರಿಸುವ ಸಾಫ್ಟ್‌ವೇರು. ವಿ.ಎಲ್.ಸಿ. ಎಂಬುದು ಉಚಿತವಾಗಿ ಸಿಗುತ್ತದೆ. ಹೆಚ್ಚು ಕಡಿಮೆ ಎಲ್ಲ ಬಗೆಯ ವಿಡಿಯೋಗಳನ್ನೂ ಅದು ತೋರಿಸುತ್ತದೆ.

ಕಂಪ್ಯೂಟರು ಇಲ್ಲದವರು ನಿರಾಶರಾಗಬೇಕಾದುದಿಲ್ಲ. ಟಿ.ವಿ.ಯಲ್ಲಿ ಯು.ಎಸ್.ಬಿ. ತೂತು ಇದ್ದರೆ ಪೆನ್‌ಡ್ರೈವನ್ನು ನೇರವಾಗಿ ಅದಕ್ಕೇ ಚುಚ್ಚಬಹುದು. ಫ್ಯಾಟ್ 32 ಎಂಬ ಕ್ರಮದಲ್ಲಿ ಸಿದ್ಧಪಡಿಸಿದ ಪೆನ್‌ಡ್ರೈವಿನಲ್ಲಿ 4 ಜಿ.ಬಿ.ಗಿಂತ ದೊಡ್ಡ ಫೈಲು ಹಿಡಿಯುವುದಿಲ್ಲ ಎಂಬುದು ತಿಳಿದಿರಲಿ.

ಇನ್ನೊಂದು ಮಾತು. ಬೆಳೆಗಾಗಿ ತಂದ ಸಾಲದ ಹಣವನ್ನು ಟಿ.ವಿ.ಗೆ ಹಾಕಬೇಡಿರಿ. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ನಮ್ಮ ಹಿರಿಯರ ರೀತಿ. ಇರುವ ಸಾಮಾನನ್ನೇ ಜೋಡಿಸುವುದು ಈ ಪಾಠದ ಉದ್ದೇಶ.

ವಿದ್ಯುತ್ತಿನ ವಿಷಯದಲ್ಲಿ ಎಚ್ಚರಿಕೆ

ಇದು ಎಲ್ಲಕ್ಕಿಂತ ಮುಖ್ಯವಾದ ಭಾಗ. ದಯಮಾಡಿ ಎರಡು ಸಾರಿ ಓದಿರಿ.

ನಮ್ಮ ಮನೆಗಳಿಗೆ ಬರತಕ್ಕ ವಿದ್ಯುತ್ತು 230 ವೋಲ್ಟಿನದು. ಕಂಬದಿಂದ ಬರುವ ನ್ಯೂಟ್ರಲ್ ತಂತಿ ಕಡಿದರೆ ಅಥವಾ ಸಡಿಲವಾದರೆ ಕೆಲವು ಮನೆಗಳಿಗೆ ಸುಮಾರು 400 ವೋಲ್ಟಿನವರೆಗೂ ಏರಿ ಬರಬಹುದು. ದೀಪಗಳು ಇದ್ದಕ್ಕಿದ್ದಂತೆ ಅತಿ ಪ್ರಕಾಶವಾಗಿ ಉರಿದರೆ, ಅಥವಾ ಒಂದು ಕೋಣೆಯಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಬೆಳಕು ಕಂಡರೆ ತಡಮಾಡದೆ ಮೇನ್ ಸ್ವಿಚ್ಚು ಆರಿಸಿ ಲೈನ್‌ಮನ್‌ಗೆ ತಿಳಿಸಿರಿ. ವೋಲ್ಟೇಜು ಮಿತಿ ಮೀರಿದಾಗ ತಾನಾಗಿ ಕಡಿದುಹಾಕುವ ಸ್ಟೆಬಿಲೈಸರು ಇದ್ದರೆ ಟಿ.ವಿ. ಉಳಿದೀತು.

ಪಂಪ್‌ಸೆಟ್ಟಿನ ಲೈನಿನಿಂದ ಮನೆಗೆ ತಂತಿ ಎಳೆದುಕೊಂಡು ಟಿ.ವಿ. ಹಚ್ಚುವುದು ಅಪಾಯಕರ. ಅದು ಕಾನೂನಿಗೂ ವಿರುದ್ಧ.

ಮನೆಗೆ ಒಳ್ಳೆಯ ಅರ್ತಿಂಗ್ ಇರಲೇಬೇಕು. ಕಂಪ್ಯೂಟರಿನ ಲೋಹದ ಪೆಟ್ಟಿಗೆಯನ್ನು ಮುಟ್ಟಿದಾಗ ಕೈಗೆ ಜುಮ್ಮೆಂದರೆ ಅರ್ತಿಂಗ್ ಸರಿಯಿಲ್ಲವೆಂದು ತಿಳಿಯಬೇಕು. ಮೂರು ಕಾಲಿನ ಪ್ಲಗ್ಗಿನ ದಪ್ಪ ಕಾಲನ್ನು ಕತ್ತರಿಸಿ ಎರಡು ತೂತಿಗೆ ಚುಚ್ಚುವ ಕೆಟ್ಟ ಅಭ್ಯಾಸ ಕೆಲವರಲ್ಲಿದೆ. ಆ ಕಾಲು ಇರುವುದು ನಿಮ್ಮ ಮಕ್ಕಳ ಪ್ರಾಣಕ್ಕಾಗಿ. ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿ ಒಣಗಿದಾಗ ನೀರು ಹಾಕಿರಿ. ಅನುಕೂಲವಿದ್ದವರು 30 ಮಿಲಿ ಆಂಪಿಯರಿಗೆ ಕಡಿಯುವ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚನ್ನು ಬಲ್ಲ ಎಲೆಕ್ಟ್ರಿಶಿಯನ್ನರಿಂದ ಹಾಕಿಸಬೇಕು. ವಿದ್ಯುತ್ತು ಮನುಷ್ಯನ ಮೈ ಮೂಲಕ ನೆಲಕ್ಕೆ ಇಳಿಯತೊಡಗಿದರೆ ಅದು ಕಣ್ಣು ಮಿಟುಕಿಸುವುದರೊಳಗೆ ಸಂಪರ್ಕ ತಪ್ಪಿಸುತ್ತದೆ.

ಇನ್ನು ಸಿಡಿಲು. ಭರಣಿ, ಕೃತ್ತಿಕೆ ಮಳೆಗಳಲ್ಲಿಯೂ ಹಿಂಗಾರಿನ ಚಿತ್ತೆ, ಸ್ವಾತಿ ಮಳೆಗಳಲ್ಲಿಯೂ ಗುಡುಗು ಸಿಡಿಲು ಹೆಚ್ಚು. ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ಮಾಳಿಗೆಯ ಮೇಲಿನ ಡಿಶ್ಶಿನಿಂದ ಬರುವ ತಂತಿಯನ್ನೂ ಇಂಟರ್‌ನೆಟ್ ತಂತಿಯನ್ನೂ ಬಿಚ್ಚಿಡಬೇಕು. ಈ ಕೆಲಸವನ್ನು ಮೋಡ ಕಟ್ಟಿದಾಗಲೇ ಮಾಡಿರಿ. ಗುಡುಗು ತಲೆಯ ಮೇಲೆ ಬಂದ ನಂತರ ತಂತಿಗಳನ್ನು ಮುಟ್ಟಬಾರದು. ಟಿ.ವಿ. ಹೋದರೆ ಇನ್ನೊಂದನ್ನು ತರಬಹುದು, ಮನುಷ್ಯನನ್ನು ತರಲಾಗುವುದಿಲ್ಲ.

ಖರ್ಚಿನ ಲೆಕ್ಕವನ್ನೂ ಹೇಳುತ್ತೇವೆ. 32 ಅಂಗುಲದ ಎಲ್.ಇ.ಡಿ. ಟಿ.ವಿ.ಗೆ ಸುಮಾರು 50 ವ್ಯಾಟ್, ಲ್ಯಾಪ್‌ಟಾಪಿಗೆ ಸುಮಾರು 50 ವ್ಯಾಟ್ ಎಂದು ಇಟ್ಟುಕೊಳ್ಳಿರಿ. ಎರಡೂ ಸೇರಿ 100 ವ್ಯಾಟ್. ದಿನಕ್ಕೆ 3 ಗಂಟೆ ಹಚ್ಚಿದರೆ 300 ವ್ಯಾಟ್ ಗಂಟೆ, ತಿಂಗಳಿಗೆ 9,000. 1,000 ವ್ಯಾಟ್ ಗಂಟೆಗೆ ಒಂದು ಯೂನಿಟ್ ಆದುದರಿಂದ ತಿಂಗಳಿಗೆ 9 ಯೂನಿಟ್ ಮಾತ್ರ ಆಗುತ್ತದೆ.

ಜೋಡಿಸುವ ಕ್ರಮ

ಮೊದಲು ಟಿ.ವಿ., ಕಂಪ್ಯೂಟರು ಎರಡನ್ನೂ ಆರಿಸಿರಿ. ತಂತಿಯ ಒಂದು ತುದಿಯನ್ನು ಕಂಪ್ಯೂಟರಿಗೂ ಇನ್ನೊಂದನ್ನು ಟಿ.ವಿ.ಗೂ ಚುಚ್ಚಿರಿ. ಬಲವಂತ ಮಾಡಬೇಡಿರಿ, ಮೇಲುಕೆಳಗಾಗಿದ್ದರೆ ಒಳಗೆ ಹೋಗುವುದಿಲ್ಲ. ಬಳಿಕ ಟಿ.ವಿ. ಹಚ್ಚಿ ರಿಮೋಟಿನಲ್ಲಿ ಸೋರ್ಸ್ ಅಥವಾ ಇನ್‌ಪುಟ್ ಎಂಬ ಗುಂಡಿ ಒತ್ತಿ, ತಂತಿ ಚುಚ್ಚಿದ ಎಚ್.ಡಿ.ಎಂ.ಐ. ಸಂಖ್ಯೆಯನ್ನು ಆರಿಸಿರಿ. ಆಮೇಲೆ ಕಂಪ್ಯೂಟರು ಹಚ್ಚಿರಿ. ಚಿತ್ರ ಬಾರದಿದ್ದರೆ ಕೀಲಿಮಣೆಯಲ್ಲಿ ವಿಂಡೋಸ್ ಗುರುತಿನ ಕೀಲಿಯನ್ನೂ ಪಿ ಅಕ್ಷರವನ್ನೂ ಒಟ್ಟಿಗೆ ಒತ್ತಿ ಡೂಪ್ಲಿಕೇಟ್ ಎಂಬುದನ್ನು ಆರಿಸಿರಿ. ಆಗ ಎರಡು ಪರದೆಗಳಲ್ಲಿಯೂ ಒಂದೇ ಚಿತ್ರ ಕಾಣುತ್ತದೆ. ಚಿತ್ರ ಬಂದು ಧ್ವನಿ ಬಾರದಿದ್ದರೆ ಕಂಪ್ಯೂಟರಿನ ಕೆಳಮೂಲೆಯ ಸ್ಪೀಕರ್ ಗುರುತನ್ನು ಒತ್ತಿ ಟಿ.ವಿ.ಯ ಹೆಸರನ್ನು ಆರಿಸಬೇಕು.

ಹಳೆಯ ಕಂಪ್ಯೂಟರುಗಳಲ್ಲಿ ನೀಲಿ ಬಣ್ಣದ ವಿ.ಜಿ.ಎ. ತೂತು ಮಾತ್ರ ಇರುವುದುಂಟು. ಅದರಲ್ಲಿ ಚಿತ್ರ ಮಾತ್ರ ಸಾಗುತ್ತದೆ. ಧ್ವನಿಗೆ ಬೇರೆ ತಂತಿ ಬೇಕು.

ಏನನ್ನು ನೋಡಬೇಕು?

ದೂರದರ್ಶನದ ಉಚಿತ ಡಿಶ್ ಸೇವೆ 2004ರ ಡಿಸೆಂಬರಿನಲ್ಲಿ ಪ್ರಾರಂಭವಾಯಿತು. ಅದಕ್ಕೆ ತಿಂಗಳ ಬಾಡಿಗೆ ಇಲ್ಲ; ಚಂದನ ವಾಹಿನಿಯೂ ಅದರಲ್ಲಿ ಬರುತ್ತದೆ. ಶಾಲಾ ಪಾಠಗಳಿಗಾಗಿ 2017ರಲ್ಲಿ ಪ್ರಾರಂಭವಾದ ದೀಕ್ಷಾ ಎಂಬ ಜಾಲತಾಣವಿದೆ. ಬೇಸಾಯಕ್ಕೆ ಸಂಬಂಧಪಟ್ಟ ವಿಡಿಯೋಗಳೂ ಇಂಟರ್‌ನೆಟ್ಟಿನಲ್ಲಿ ಬೇಕಾದಷ್ಟು ಸಿಗುತ್ತವೆ. ಆದರೆ ಅಲ್ಲಿ ಹೇಳಿದ ಔಷಧವನ್ನೆಲ್ಲ ಬೆಳೆಗೆ ಹೊಡೆಯಬಾರದು; ಕೃಷಿ ವಿಜ್ಞಾನ ಕೇಂದ್ರದವರನ್ನೋ ರೈತ ಸಂಪರ್ಕ ಕೇಂದ್ರದವರನ್ನೋ ಕೇಳಿ ಮುಂದುವರಿಯಿರಿ. ತನ್ನಂಥ ರೈತನ ಮಾತನ್ನೇ ರೈತ ಹೆಚ್ಚು ನಂಬುತ್ತಾನೆ ಎಂಬ ತಿಳಿವಳಿಕೆಯ ಮೇಲೆ, ಸ್ಥಳೀಯ ರೈತರ ವಿಡಿಯೋಗಳನ್ನು ಹಳ್ಳಿಗಳಲ್ಲಿ ತೋರಿಸುವ ಡಿಜಿಟಲ್ ಗ್ರೀನ್ ಎಂಬ ಪ್ರಯತ್ನ 2006ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿತು. ನೀವೂ ನಿಮ್ಮ ಹೊಲದಲ್ಲಿ ಸಫಲವಾದ ಒಂದು ಕ್ರಮವನ್ನು ಮೊಬೈಲಿನಲ್ಲಿ ಚಿತ್ರಿಸಿ ನೆರೆಯವರಿಗೆ ತೋರಿಸಬಹುದು.

ಪೇಟೆಯ ಅಂಗಡಿಗಳಲ್ಲಿ ಹೊಸ ಸಿನಿಮಾಗಳನ್ನು ಪೆನ್‌ಡ್ರೈವಿಗೆ ತುಂಬಿಕೊಡುವವರಿದ್ದಾರೆ. ಇದು 1957ರ ಕೃತಿಸ್ವಾಮ್ಯ ಕಾನೂನಿನ ಪ್ರಕಾರ ಅಪರಾಧ. ಅಂಥ ಪೆನ್‌ಡ್ರೈವುಗಳಿಂದ ಕಂಪ್ಯೂಟರಿಗೆ ವೈರಸ್ಸು ತಗಲುವ ಭಯವೂ ಉಂಟು. ಆದುದರಿಂದ ಅವುಗಳ ಗೊಡವೆ ಬೇಡ.

ಕಣ್ಣು ಮತ್ತು ಹೊತ್ತು

32 ಅಂಗುಲದ ಪರದೆಯಿಂದ ಕನಿಷ್ಠ 5-6 ಅಡಿ ದೂರ ಕುಳಿತುಕೊಳ್ಳಬೇಕು. ಪೂರ್ತಿ ಕತ್ತಲೆಯಲ್ಲಿ ನೋಡಬಾರದು. ಕೋಣೆಯಲ್ಲಿ ಒಂದು ಸಣ್ಣ ದೀಪವಿರಲಿ. ಎರಡು ವರ್ಷ ತುಂಬದ ಮಕ್ಕಳಿಗೆ ಪರದೆಯೇ ಬೇಡ, ಐದು ವರ್ಷದೊಳಗಿನ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕೂಡದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿದೆ. ಮಗು ಅಳುತ್ತದೆಂದು ಪರದೆ ತೋರಿಸಿ ಉಣಿಸುವುದನ್ನು ಬಿಡಬೇಕು. ಊಟ ಮುಗಿದ ಮೇಲೆ ಒಂದು ಗೊತ್ತಾದ ಹೊತ್ತಿನಲ್ಲಿ, ಎಲ್ಲರೂ ತಮ್ಮ ತಮ್ಮ ಮೊಬೈಲುಗಳನ್ನು ಗೂಡಿನಲ್ಲಿಟ್ಟು ಬಂದು ಕುಳಿತರೆ ಮನೆಗೆ ಕಳೆ ಬರುತ್ತದೆ. ಒಂದು ದಿನ ಅಜ್ಜಿಗೆ ಬೇಕಾದ ಹಳೆಯ ಚಿತ್ರ, ಒಂದು ದಿನ ಮಕ್ಕಳ ಚಿತ್ರ, ಒಂದು ದಿನ ಬೇಸಾಯದ್ದು ಎಂದು ಸರದಿ ಇಟ್ಟುಕೊಳ್ಳಿರಿ. ಜಗಳವಿರದು.

ನಿಮ್ಮ ಮನೆಯ ಚಿತ್ರಗಳನ್ನು ಉಳಿಸಿಕೊಳ್ಳಿರಿ

ಈ ಏರ್ಪಾಟಿನಿಂದ ಮನರಂಜನೆಗಿಂತಲೂ ದೊಡ್ಡ ಉಪಯೋಗ ಒಂದಿದೆ. ಅನೇಕ ಮನೆಗಳ ಟ್ರಂಕಿನಲ್ಲಿ ಮದುವೆಯ ವಿಡಿಯೋ ಕ್ಯಾಸೆಟ್ಟು ಇದ್ದೇ ಇರುತ್ತದೆ. ಅದರಲ್ಲಿ ತೀರಿಹೋದ ತಂದೆ, ಧಾರೆಯ ಹೊತ್ತಿನಲ್ಲಿ ಹಾಡಿದ ಅತ್ತೆ, ಆಗಿನ್ನೂ ಹಸುಳೆಯಾಗಿದ್ದ ಇಂದಿನ ಮನೆಯ ಯಜಮಾನ ಇದ್ದಾರೆ. ಆದರೆ ಅದನ್ನು ನೋಡುವ ಯಂತ್ರ ಈಗ ಊರಲ್ಲಿಲ್ಲ. ಜಪಾನಿನ ಫುನಾಯ್ ಕಂಪನಿ 2016ರ ಜುಲೈಯಲ್ಲಿ ವಿ.ಸಿ.ಆರ್. ತಯಾರಿಕೆಯನ್ನು ನಿಲ್ಲಿಸಿತು. ಕ್ಯಾಸೆಟ್ಟಿನೊಳಗಿನ ಪಟ್ಟಿಯೂ ತೇವದಿಂದ ಬೂಷ್ಟು ಹಿಡಿದು ವರ್ಷವರ್ಷಕ್ಕೂ ಹಾಳಾಗುತ್ತ ಬರುತ್ತದೆ. ಈಗ ತಡಮಾಡಿದರೆ ಮುಂದೆ ಅದು ಬರಿಯ ಕಪ್ಪು ಡಬ್ಬಿಯಾಗುತ್ತದೆ.

ಪೇಟೆಯ ಫೋಟೋ ಸ್ಟುಡಿಯೋಗಳಲ್ಲಿ ಇನ್ನೂ ಹಳೆಯ ಯಂತ್ರ ಇಟ್ಟುಕೊಂಡವರನ್ನು ವಿಚಾರಿಸಿರಿ. ಯಂತ್ರವನ್ನು ಹಳದಿ, ಕೆಂಪು, ಬಿಳಿ ತಂತಿಗಳ ಮೂಲಕ ಒಂದು ಸಣ್ಣ ಉಪಕರಣಕ್ಕೆ ಜೋಡಿಸಿ, ಕಂಪ್ಯೂಟರಿಗೆ ಇಳಿಸುತ್ತಾರೆ. ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆಯೇ ಹಿಡಿಯುತ್ತದೆ. ಪಟ್ಟಿಯ ಮೇಲೆ ಬಿಳಿಯ ಬೂಷ್ಟು ಕಂಡರೆ ಹಾಗೆಯೇ ಓಡಿಸಲು ಬಿಡಬೇಡಿರಿ. ಮೊದಲು ಶುಚಿ ಮಾಡಿಸಬೇಕು.

ಮೊಬೈಲಿನಲ್ಲಿ ತೆಗೆದ ಚಿತ್ರಗಳ ಗತಿಯೂ ಇದೇ. ಮೊಬೈಲು ಬಾವಿಗೆ ಬಿದ್ದರೆ ಅಜ್ಜಿಯ ಬೀಸುವ ಪದವೂ ಅದರ ಜೊತೆಗೆ ಹೋಗುತ್ತದೆ. ಸಾಧಾರಣವಾಗಿ ಒಳ್ಳೆಯ ಗುಣಮಟ್ಟದ ಒಂದು ಗಂಟೆಯ ಮೊಬೈಲು ವಿಡಿಯೋ 7-8 ಜಿ.ಬಿ. ಜಾಗ ಹಿಡಿಯುತ್ತದೆ. ತಿಂಗಳಿಗೊಮ್ಮೆ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ, ಇಸವಿ ಮತ್ತು ಸಂದರ್ಭವನ್ನು ಹೆಸರಾಗಿ ಬರೆಯಿರಿ. ಬೀಜದ ಧಾನ್ಯವನ್ನು ಒಂದೇ ಕಣಜದಲ್ಲಿ ಇಡದಂತೆ, ಇದರ ಇನ್ನೊಂದು ಪ್ರತಿಯನ್ನು ಬೇರೆ ಹಾರ್ಡ್ ಡಿಸ್ಕಿನಲ್ಲಿ ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಇಡಿರಿ. ವರ್ಷಕ್ಕೊಮ್ಮೆ ಅದನ್ನು ಹಚ್ಚಿ ಸರಿಯಾಗಿದೆಯೇ ಎಂದು ನೋಡಿರಿ.

ನೆನಪಿಡತಕ್ಕ ಅಂಶಗಳು

1. ಅರ್ತಿಂಗ್ ಇಲ್ಲದೆ ಕಂಪ್ಯೂಟರು ಹಚ್ಚಬಾರದು.
2. ಮೋಡ ಕಟ್ಟಿದೊಡನೆ ಪ್ಲಗ್ಗು ಮತ್ತು ಡಿಶ್ ತಂತಿಗಳನ್ನು ಕಿತ್ತಿಡಬೇಕು.
3. ಇರುವ ಸಾಮಾನನ್ನು ಮೊದಲು ಉಪಯೋಗಿಸಿ, ಸಾಲ ಮಾಡಿ ಕೊಳ್ಳಬೇಡಿರಿ.
4. ನೋಡುವ ಹೊತ್ತು ಗೊತ್ತಾಗಿರಲಿ, ಎಲ್ಲರೂ ಕೂಡಿ ನೋಡಿರಿ.
5. ಮನೆಯ ಚಿತ್ರಗಳಿಗೆ ಎರಡು ಪ್ರತಿ ಇರಲಿ.

ಈ ವಾರವೇ ಟ್ರಂಕು ತೆಗೆದು ಕ್ಯಾಸೆಟ್ಟನ್ನು ಹುಡುಕಿರಿ. ಅದನ್ನು ಇಳಿಸಿಕೊಂಡು ಬಂದ ದಿನ ಮನೆಮಂದಿಯನ್ನೆಲ್ಲ ಕೂಡಿಸಿ, ಅಜ್ಜಿಯನ್ನು ಮುಂದುಗಡೆ ಕೂರಿಸಿ ತೋರಿಸಿರಿ. ಯಾರು ಯಾರೆಂದು ಆಕೆ ಗುರುತು ಹಿಡಿದು ಹೇಳುತ್ತ ಹೋಗುವಾಗ ಮಕ್ಕಳು ಮೊಬೈಲನ್ನು ಮರೆತು ಕೇಳುತ್ತಾರೆ. ಆ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳಿರಿ. ಹೇಳುವವರು ಇರುವಾಗಲೇ ಬರೆದುಕೊಳ್ಳಬೇಕಾದ ಲೆಕ್ಕ ಅದು.